ಬೋರಲು ಬಟ್ಟಲು

ಕುಂಬಳಕಾಯಿ ಸೂಪನ್ನು ಒಂದು ಚಮಚ ಬಾಯಿಗಿಟ್ಟವಳೇ ಸೂಪಿನಂಗಡಿಯ ಒಡತಿ ಸಿಂಕಿಗೆ ಓಡಿ ಉಗುಳಿದಳು. ಉಪ್ಪೆಂದರೆ ಉಪ್ಪು, ನಾಲಿಗೆಯೇ ಮರಗಟ್ಟಿತು.

"ಯಾರ್ರೀ ಉಪ್ಪು ಹಾಕಿದ್ದು?"

"ನಾನೇ ಮೇಡಂ," ಎಂದ ಮುಖ್ಯ ಅಡುಗೆಯವನು.

"ಅಯ್ಯೋ, ನಾನೂ ಹಾಕ್ದೆನಲ್ಲ," ಎಂದಳು ಅವನ ಸಹಾಯಕಿ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಅಷ್ಟೇ ಆಗಿದ್ದರೆ ಹಂಡೆ ಚೆಲ್ಲಿ ಇನ್ನೊಂದು ಬೇಯಿಸಿದರೆ ಮುಗಿಯುತ್ತಿತ್ತು. ಆದರೆ ಇದೇ ಹಂಡೆಯ ಸೂಪು ಬೆಳಿಗ್ಗೆ ಅವಳ ಗಂಡನ ರುಚಿಗೆಂದು ಮನೆಗೆ ಹೋಗಿತ್ತು. ಬಟ್ಟಲು ಖಾಲಿಯಾಗಿ, ಬೋರಲಾಗಿ ವಾಪಸು ಬಂದಿತ್ತು. ಉಪ್ಪು ಮುಟ್ಟಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದ ಮನುಷ್ಯ ಅಷ್ಟನ್ನೂ ಕುಡಿದಿದ್ದಾನೆ! ಏಪ್ರನ್ ಬಿಚ್ಚದೆ ಕಾರು ಹತ್ತಿದಳು.

ಈ ಬಟ್ಟಲಿನ ಕಟ್ಟಳೆ ಶುರುವಾದದ್ದೂ ಅವನ ಎದೆನೋವಿನಿಂದಲೇ. ಗಂಡ ಲಾರಿ ಓಡಿಸುತ್ತಿದ್ದ. ಕರಿದದ್ದು ತಿಂದೂ ತಿಂದೂ ಒಂದು ದಿನ ಎದೆ ಹಿಡಿದುಕೊಂಡು ಕುಸಿದ. ಸೊಪ್ಪು ಕಂಡರೆ ಮೂಗು ಮುರಿಯುವವನಿಗೆ ಹಿಡಿಸುವಂಥದ್ದು ಮಾಡಿದರೆ ಊರಿಗೇ ಹಿಡಿಸೀತು ಎಂದುಕೊಂಡು ಅವಳು ಲಾರಿ ಸ್ಟ್ಯಾಂಡಿನ ಪಕ್ಕ ಒಂದು ಗೂಡಂಗಡಿ ತೆರೆದಳು. ಅಲ್ಲಿದ್ದದ್ದು ಒಂದೇ ಮೇಜು, ಒಂದೇ ಬಾರ್ಲಿ ಸೂಪು. ಹೊಸದೇನು ಮಾಡಿದರೂ ಮೊದಲು ಅವನ ಮುಂದಿಟ್ಟು, ಗಲ್ಲಕ್ಕೆ ಕೈ ಕೊಟ್ಟು ಎದುರು ಕೂರುವಳು. ಹಿಡಿಸಿದರೆ ಅವನು ಬಟ್ಟಲು ಬೋರಲು ಹಾಕುವನು, ಇಲ್ಲದಿದ್ದರೆ ಚಮಚವನ್ನು ಅದರಲ್ಲೇ ನೆಟ್ಟುಬಿಡುವನು. ಆಮೇಲೆ ಜಗಳ, ನಗು, ಮತ್ತೆ ಒಲೆ.

ಈಗ ಊರೂರಿಗೆ ಅವಳ ಅಂಗಡಿ. ಎಣ್ಣೆ ಕಮ್ಮಿ, ಉಪ್ಪು ಕಮ್ಮಿ, ಮೂರೇ ನಿಮಿಷಕ್ಕೆ ಕೈಗೆ. ಬಾರ್ಲಿ ಬೇಯಲು ಹೊತ್ತು ಹಿಡಿಯುತ್ತದೆಂದು ಆ ಸೂಪನ್ನು ಎಂದೋ ಕೈಬಿಟ್ಟಿದ್ದಾಯಿತು. ಗಿರಾಕಿಗಳ ಕಾರು ನಿಲ್ಲಿಸಲು ಜಾಗವಿಲ್ಲವೆಂದು ಹೋದ ವರ್ಷ ಆ ಗೂಡಂಗಡಿಯನ್ನೂ ಮುಚ್ಚಿಸಿದ್ದಾಯಿತು. ಕಟ್ಟಳೆ ಮಾತ್ರ ಉಳಿದಿತ್ತು, ಹೊಸ ತಿಂಡಿಯ ಬಟ್ಟಲು ಸ್ಕೂಟರಿನ ಮೇಲೆ ಮನೆಗೆ ಹೋಗಿ ಬರುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಗಂಡನನ್ನು 'ನಾಲಿಗೆ ಸಾರ್' ಎನ್ನುತ್ತಿದ್ದರು. ಸ್ಕೂಟರಿನವನು ಡಬ್ಬಿ ತೆಗೆದು "ಬೋರಲು!" ಎಂದು ಕೂಗಿದರೆ ಸಾಕು, ತಿಂಡಿ ಪಾಸು. ಚಮಚ ನೆಟ್ಟ ಬಟ್ಟಲು ಬಂದು ವರ್ಷಗಳೇ ಆಗಿದ್ದವು. ಎಲ್ಲ ತನ್ನ ಕೈಗುಣ ಎಂದು ಅವಳು ಬೀಗಿದ್ದಳು, ಪಾಪ.

ಮನೆಯಲ್ಲಿ ಗಂಡ ಒಲೆಯ ಮುಂದೆ ನಿಂತು ಏನನ್ನೋ ಬಿಸಿ ಮಾಡುತ್ತಿದ್ದ.

"ರೀ, ಹೇಗಿದೀರ? ತಲೆ ಸುತ್ತುತಿದೆಯಾ?"

"ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ನೀನೇನು ಇಷ್ಟು ಹೊತ್ತಿಗೆ?"

"ಬೆಳಿಗ್ಗೆ ಸೂಪು ಕುಡಿದ್ರಲ್ಲ..."

"ಓ, ಅದಾ? ಫಸ್ಟ್ ಕ್ಲಾಸು!"

"ಅದಕ್ಕೆ ಎರಡೆರಡು ಸಲ ಉಪ್ಪು ಬಿದ್ದಿದೆ ರೀ. ನಾಯಿನೂ ಮೂಸಲ್ಲ."

ಅವನ ಸೌಟು ನಿಂತಿತು. ಸಿಕ್ಕಿಬಿದ್ದವನಂತೆ ಕಿವಿ ಕೆರೆದುಕೊಂಡ. "ಹಾಗಾದ್ರೆ ನಮ್ಮ ಸಿಂಕಿಗೇ ಬಿ.ಪಿ. ಬಂದಿರ್ಬೇಕು."

ಅವಳಿಗೆ ನಗು ಬರಲಿಲ್ಲ. "ಸುರಿದುಬಿಟ್ರಾ? ಇದೊಂದೇ ಸಲಾನಾ?"

"ಇಲ್ಲ ಕಣೆ, ಎಲ್ಲಾನೂ. ಒಬ್ನೇ ಕೂತ್ರೆ ಯಾವ್ದೂ ಗಂಟಲಲ್ಲಿ ಇಳಿಯಲ್ಲ. ಮೊದಮೊದಲು ಚಮಚ ನೆಟ್ಟು ಕಳಿಸ್ತಿದ್ದೆ, ಜಗಳ ಆಡೋಕಾದ್ರೂ ಬರ್ತೀಯ ಅಂತ. ನೀನು ಫೋನಲ್ಲೇ ರೇಗಿದೆ, ಹೊಸ ಅಂಗಡಿ ಓಪನಿಂಗ್ ನಿಂತುಹೋಗತ್ತೆ ಅಂತ. ಆಮೇಲೆ ಬೋರಲು ಹಾಕೋದು ಕಲಿತೆ. ನಿನಗೂ ನೆಮ್ಮದಿ, ನನಗೂ ನೆಮ್ಮದಿ."

ಅವಳು ಕುರ್ಚಿಯಲ್ಲಿ ಕುಸಿದಳು. ಊರೂರಿನ ಜನ ತಿನ್ನುತ್ತಿರುವುದರಲ್ಲಿ ಒಂದನ್ನೂ ಈ ಮನುಷ್ಯ ಬಾಯಿಗಿಟ್ಟಿಲ್ಲ. ಯಾರ ಎದೆಗಾಗಿ ಇಷ್ಟೆಲ್ಲ ಶುರುವಾಯಿತೋ ಅವನೇ ಲೆಕ್ಕದಿಂದ ಬಿಟ್ಟುಹೋಗಿದ್ದ, ಅದು ತನ್ನ ಗಮನಕ್ಕೇ ಬಂದಿರಲಿಲ್ಲ. ಒಂದೇ ಒಂದು ದಿನ ಆ ಬಟ್ಟಲು ತಾನೇ ಹಿಡಿದು ಬಂದಿದ್ದರೆ ಏನು ಗಂಟು ಹೋಗುತ್ತಿತ್ತು? ತಪ್ಪಾಯ್ತು ರೀ ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮುಖ್ಯ ಅಡುಗೆಯವನು. ನಾಳೆ ಹೊಸ ಅಂಗಡಿ ತೆರೆಯಬೇಕು, ಹಂಡೆ ಚೆಲ್ಲುವುದೋ, ನೀರು ಬೆರೆಸುವುದೋ?

"ಚೆಲ್ಲಿ, ಬೇರೆ ಮಾಡಿ. ಕುಂಬಳಕಾಯಿ ಸಾಕಾಗತ್ತಾ ನೋಡಿ. ಉಪ್ಪಿನ ಡಬ್ಬಿ ಒಬ್ಬರ ಕೈಲೇ ಇರಲಿ."

ಗಂಡ ಒಲೆಯ ಮೇಲಿದ್ದದ್ದನ್ನು ಬಟ್ಟಲಿಗೆ ಬಗ್ಗಿಸಿ, ಹಬೆಯಾಡುತ್ತಿದ್ದಂತೆಯೇ ಅವಳ ಮುಂದಿಟ್ಟ. "ನಿಂದು ಊಟ ಆಗಿರಲ್ಲ. ತಿನ್ನು." ಹಾಗೆಂದವನು ಎದುರಿನ ಕುರ್ಚಿ ಎಳೆದುಕೊಂಡು, ಗಲ್ಲಕ್ಕೆ ಕೈ ಕೊಟ್ಟು ಕೂತ.

ಅವಳು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚಮಚ ಹಿಡಿದು ಅಡುಗೆಮನೆಯವರಿಗೆ ಒಂದೊಂದೇ ಹೇಳುತ್ತಾ ತಿಂದಳು. ಹಸಿದಿದ್ದಳು. ಮಾತು ಮುಗಿಯುವಾಗ ಬಟ್ಟಲೂ ಮುಗಿದಿತ್ತು. ಫೋನು ಕೆಳಗಿಟ್ಟು, ಏನೋ ಹೊಳೆದವಳಂತೆ ತುಟಿ ಸವರಿಕೊಂಡಳು.

"ರೀ, ಇದು ಬಹಳ ಚೆನ್ನಾಗಿದೆ. ಇಂಥದ್ದು ನಮ್ಮಲ್ಲಿಲ್ಲ ನೋಡಿ. ಎಲ್ಲಿಂದ ತರಿಸಿದ್ರಿ? ಯಾವ ಅಂಗಡೀದು?"

ಅವನು ಅವಳ ಬಟ್ಟಲನ್ನು ತೆಗೆದುಕೊಂಡು, ತಳಕ್ಕೆ ಅಂಟಿದ್ದ ಒಂದು ಬಾರ್ಲಿ ಕಾಳನ್ನು ಬೆರಳಿನಿಂದ ಎತ್ತಿ ಬಾಯಿಗೆ ಹಾಕಿಕೊಂಡ.

"ಆ ಅಂಗಡಿ ಈಗಿಲ್ಲ ಕಣೆ," ಎಂದ. "ಹೋದ ವರ್ಷ ನೀನೇ ಬೀಗ ಹಾಕ್ಸಿದೆ."