ಕ್ಯಾಂಪಿನ ಸುದ್ದಿ

“ಇವತ್ತು ಎಷ್ಟು ಗೋಲು?” ಸೊಸೆ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅತ್ತೆ ಒಳಗಿನಿಂದಲೇ ಕೇಳಿದರು.

ಒಂಬತ್ತು ಎಂದಳು ಸೊಸೆ. ಊದಿದ ಮೊಣಕಾಲನ್ನು ಮುಂದೆ ಚಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಮುಖ ಅರಳಿತು. ಈ ಸಲ ನಮ್ಮ ಫಾರ್ವರ್ಡ್‌ಗಳನ್ನು ಹಿಡಿಯುವವರಿಲ್ಲ ಎಂದು ತೀರ್ಪು ಕೊಟ್ಟರು. ಹಿಂದಿನ ದಿನ ಒಂದೂ ಗೋಲಾಗಲಿಲ್ಲ ಎಂದು ಕೇಳಿದಾಗಲೂ ಆ ಮುಖ ಹೀಗೇ ಅರಳಿತ್ತು. ಹೊಸ ಗೋಲ್‌ಕೀಪರ್ ಅಂದರೆ ಗೋಡೆಯೇ ಸರಿ ಎಂದಿದ್ದರು. ಪೇಪರಿನ ಹಿಂದೆ ಕೂತಿದ್ದ ಮಗನಿಗೆ ತಡೆಯಲಾಗಲಿಲ್ಲ. “ಅಮ್ಮಾ, ಕ್ಯಾಂಪಲ್ಲಿ ಎರಡೂ ಕಡೆ ಆಡೋರು ನಮ್ಮವರೇ. ಒಂಬತ್ತು ಗೋಲು ಹೊಡೆದೋರು ನಮ್ಮವರು ಅಂದ್ರೆ, ಬಿಟ್ಟುಕೊಟ್ಟೋನೂ ನಮ್ಮವನೇ ತಾನೆ?”

“ನಿಮ್ಮಪ್ಪನೂ ಹೀಗೇ ಇದ್ರು. ಹಾಲು ಉಕ್ಕಿದ್ರೆ ಪಾತ್ರೆ ನೋಡ್ತಿರಲಿಲ್ಲ, ನೆಲ ನೋಡ್ತಿದ್ರು,” ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು.

ಊರಿನ ಫುಟ್‌ಬಾಲ್ ತಂಡ ಹೋದ ವರ್ಷ ಎಲ್ಲರಿಗಿಂತ ಕೆಳಗಿತ್ತು. ಅದರ ಹಿಂದಿನ ವರ್ಷವೂ ಅಲ್ಲೇ ಎಲ್ಲೋ ಇತ್ತು. ಆದರೂ ಹೊಸ ಸೀಸನ್ನಿಗೆ ಮುಂಚೆ ತರಬೇತಿ ಕ್ಯಾಂಪ್ ಶುರುವಾದರೆ ಸಾಕು, ಅತ್ತೆಗೆ ಟ್ರೋಫಿಯೇ ಮನೆಬಾಗಿಲಿಗೆ ಬಂದ ಹಾಗೆ. ಈ ವರ್ಷ ಮೊಣಕಾಲು ಕೈಕೊಟ್ಟಿದ್ದರಿಂದ ಪ್ರತಿ ವರ್ಷ ಅವರೇ ಮಾಡುತ್ತಿದ್ದ, ಮೈದಾನದ ಬೇಲಿ ಹಿಡಿದು ನಿಂತು ಆಟ ನೋಡುವ, ಕೆಟ್ಟದಾಗಿ ಆಡಿದವರಿಗೆ ಬೈಯುವ ಕೆಲಸ ಸೊಸೆಯ ಪಾಲಿಗೆ ಬಂತು. ಅವಳು ಕೆಲಸ ಮಾಡುವ ಮೆಡಿಕಲ್ ಶಾಪು ಮೈದಾನದ ಎದುರಿಗೇ ಇತ್ತು. ಆಟದ ತಲೆಬುಡ ಗೊತ್ತಿಲ್ಲದ ಅವಳು, ಒಬ್ಬನಿಗೆ ಮಾತ್ರ ಕೈಯಲ್ಲಿ ಚೆಂಡು ಹಿಡಿಯಲು ಯಾಕೆ ಬಿಡುತ್ತಾರೆ ಎಂದು ಮೊದಲ ದಿನ ಬಂದು ಕೇಳಿದ್ದಳು. ಅತ್ತೆ ನಗಲಿಲ್ಲ. ಊಟದ ಮೇಜಿನ ಮೇಲೆ ಚಮಚ, ಡಬ್ಬಿಯ ಮುಚ್ಚಳಗಳನ್ನು ಹರಡಿಕೊಂಡು ಆಫ್‌ಸೈಡ್ ಅಂದರೇನು ಎಂಬವರೆಗೂ ಹೇಳಿಕೊಟ್ಟರು. ಮದುವೆಯಾಗಿ ಬಂದಾಗಿನಿಂದ ಅವರಿಬ್ಬರ ನಡುವೆ ನಡೆದ ಮಾತೆಲ್ಲ ಗ್ಯಾಸು, ಬೀಗದಕೈ, ಒಣಗಿದ ಬಟ್ಟೆ ಇಷ್ಟರಲ್ಲೇ ಮುಗಿಯುತ್ತಿತ್ತು. ಈಗ ಮುಚ್ಚಳಗಳನ್ನು ಎತ್ತಿಡಲೂ ಇಬ್ಬರಿಗೂ ಮನಸ್ಸಾಗುತ್ತಿರಲಿಲ್ಲ. ಸೊಸೆ ಬೆಳಿಗ್ಗೆ ಸ್ವಲ್ಪ ಬೇಗನೇ ಮನೆ ಬಿಡತೊಡಗಿದಳು. ಯಾಕೆಂದು ಗಂಡ ಕೇಳಿದರೆ ಅಂಗಡಿಯಲ್ಲಿ ಕೆಲಸ ಹೆಚ್ಚು ಎಂದಳು.

ಇದರ ಜೊತೆಗೆ ಒಂದು ಕಗ್ಗಂಟೂ ಇತ್ತು. ಮೊಣಕಾಲಿಗೆ ಆಪರೇಷನ್ ಆಗಲೇಬೇಕು, ತಡಮಾಡಿದಷ್ಟೂ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಒಂದಲ್ಲ ಒಂದು ನೆವ ತೆಗೆದು ಮುಂದೆ ಹಾಕುತ್ತಲೇ ಬಂದಿದ್ದರು. ಅದು ಹಟವಲ್ಲ, ಹೆದರಿಕೆ ಎಂದು ಸೊಸೆಗೆ ಗೊತ್ತಿತ್ತು. ಕೊನೆಗೆ ಅತ್ತೆ ಒಂದು ಕರಾರು ಹಾಕಿದರು. “ಕ್ಯಾಂಪ್ ಮುಗೀಲಿ. ತಂಡ ನೋಡೋ ಹಾಗಿದ್ರೆ ಕಾಲು ರಿಪೇರಿ ಮಾಡಿಸ್ಕೋತೀನಿ, ಗ್ಯಾಲರಿ ಹತ್ತಬೇಕಲ್ಲ. ಇಲ್ದಿದ್ರೆ ನನಗೆ ಈ ಕುರ್ಚಿನೇ ಸಾಕು.” ಮೈದಾನದಲ್ಲಿ ಏನಾದರೂ ಆಗಲಿ, ಮನೆಯಲ್ಲಿ ಮಾತ್ರ ನಾವು ಗೆದ್ದಿರಬೇಕು ಎಂದು ಗಂಡ ಅಡುಗೆಮನೆಯಲ್ಲಿ ಹೆಂಡತಿಗೆ ಪಿಸುಗುಟ್ಟಿದ.

ಕ್ಯಾಂಪಿನ ಕೊನೆಯ ದಿನ ಬ್ಯಾಂಕ್ ನೌಕರರ ತಂಡದ ಜೊತೆ ಒಂದು ಸ್ನೇಹದ ಪಂದ್ಯ. ಎದುರಾಳಿಗಳಲ್ಲಿ ಅರ್ಧ ಜನಕ್ಕೆ ಹೊಟ್ಟೆ ಬಂದಿತ್ತು. ಆ ಹೊಟ್ಟೆಗಳನ್ನು ಹೊತ್ತುಕೊಂಡೇ ಅವರು ನಾಲ್ಕು ಗೋಲು ಹೊಡೆದರು. ಗೋಡೆ ಎನಿಸಿಕೊಂಡಿದ್ದ ಗೋಲ್‌ಕೀಪರ್, ಚೆಂಡು ಬಲಕ್ಕೆ ಬಂದಾಗಲೆಲ್ಲ ಎಡಕ್ಕೆ ಹಾರಿದ. ನಮ್ಮವರು ಹೊಡೆದ ಗೋಲು ಒಂದೂ ಇಲ್ಲ. ಸೊಸೆ ಮನೆಯ ದಾರಿಯುದ್ದಕ್ಕೂ ಸುಳ್ಳನ್ನು ಕಂಠಪಾಠ ಮಾಡಿದಳು. ಎರಡು-ಸೊನ್ನೆಯಿಂದ ಗೆದ್ದೆವು. ಮೊದಲನೆಯದು ತಲೆಯಿಂದ ಹೊಡೆದದ್ದು, ಎರಡನೆಯದು ಪೆನಾಲ್ಟಿ.

“ಗೆದ್ವಿ ಅತ್ತೆ,” ಎಂದಳು. ಕಬ್ಬಿಣದ ಕುರ್ಚಿಯನ್ನು ನೆಲದ ಮೇಲೆ ಎಳೆದ ಹಾಗೆ ದನಿ ಹೊರಟಿತು.

ಅತ್ತೆ ಕನ್ನಡಕ ಸರಿಮಾಡಿಕೊಂಡರು. “ಗಂಟಲಿಗೇನಾಯ್ತು?”

“ಧೂಳು.”

“ಇದು ಧೂಳು ಕುಡಿದ ಗಂಟಲಲ್ಲ. ಗೆದ್ದು ಕೂಗಿದ್ದೂ ಅಲ್ಲ. ಇದು ಬೈದ ಗಂಟಲು, ನನಗೆ ಗೊತ್ತಿಲ್ವಾ? ಯಾರಿಗೆ ಬೈದೆ?”

ಬಾಗಿಲಲ್ಲಿ ನಿಂತಿದ್ದ ಗಂಡ ಕಣ್ಣಲ್ಲೇ ಬೇಡ ಬೇಡ ಎಂದ. ಸೊಸೆ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟಳು. “ಲೇಸ್ ಕಟ್ಕೋತಾ ಕೂತ್ನಲ್ಲ, ನಮ್ಮ ಆ ಡಿಫೆಂಡರ್‌ಗೆ. ಮೂರನೇ ಗೋಲು ಅವನ ಬೆನ್ನ ಹಿಂದೇನೇ ಹೋಯ್ತು ಅತ್ತೆ.” ಆಮೇಲೆ ನಿಲ್ಲಿಸಲಾಗಲಿಲ್ಲ. ಹೊಟ್ಟೆ ಬಂದವರು, ಎಡಕ್ಕೆ ಹಾರಿದವನು, ಗೋಲಿನ ಬಾಯಲ್ಲಿ ನಿಂತು ಚೆಂಡನ್ನು ಆಕಾಶಕ್ಕೆ ಒದ್ದವನು, ಒಬ್ಬರನ್ನೂ ಬಿಡದೆ ಎಲ್ಲರ ಜಾತಕ ಬಿಚ್ಚಿಟ್ಟಳು. ಹೇಳುತ್ತ ಹೇಳುತ್ತ ಸಿಟ್ಟು ಮತ್ತೆ ಏರಿತು. ಎಲ್ಲ ಮುಗಿದ ಮೇಲೆ ಅವಳಿಗೆ ಆಪರೇಷನ್ ನೆನಪಾಯಿತು. ಕೈಯಾರೆ ಕೆಡಿಸಿದೆನಲ್ಲ ಎಂದುಕೊಂಡಳು.

ಅತ್ತೆ ಮೊಣಕಾಲು ಸವರಿಕೊಂಡರು.

“ಡಾಕ್ಟರಿಗೆ ಫೋನ್ ಮಾಡು,” ಎಂದರು ಆಮೇಲೆ. “ಆದಷ್ಟು ಬೇಗ ದಿನ ಕೊಡೋಕೆ ಹೇಳು.”

“ಇಷ್ಟು ಕೆಟ್ಟದಾಗಿ ಆಡಿದ್ರೂನಾ ಅತ್ತೆ?”

“ಅದಕ್ಕೇ ಕಣೆ. ಇಂಥವರನ್ನ ದಾರಿಗೆ ತರೋಕೆ ನಿನ್ನೊಬ್ಬಳ ಗಂಟಲು ಎಲ್ಲಿ ಸಾಕಾಗತ್ತೆ?”