ಗುಡ್ಡದ ರೈಲಿನಲ್ಲಿ ವಧುಪರೀಕ್ಷೆ

ಬಾಯಿ ತೆರೆಯಬಾರದು. ಏನೇ ಆಗಲಿ, ಬಾಯಿ ತೆರೆಯಬಾರದು.

ಸರಪಳಿ ಕಟಕಟ ಹಲ್ಲು ಕಡಿಯುತ್ತ ಡಬ್ಬಿಯನ್ನು ಮೇಲೆಳೆಯುತ್ತಿತ್ತು. ಪುಣೆ ಕ್ಯಾಂಪಿನ ಜಾತ್ರೆಯ ಮೈದಾನ ಕೆಳಗೆ ಕೆಳಗೆ ಜಾರಿ ರಂಗೋಲಿಯಷ್ಟಾಯಿತು. ಅಲ್ಲೆಲ್ಲೋ ಶಾಮಲಾಳ ತಂದೆ ಕೃಷ್ಣಾಜಿರಾಯರು ಮಗಳ ಚಪ್ಪಲಿ ಕಾಯುತ್ತ, ನೆನಪಾದ ದೇವರಿಗೆಲ್ಲ ಹರಕೆ ಹೊರುತ್ತ ನಿಂತಿದ್ದರು. ಅವಳ ಪಕ್ಕದಲ್ಲಿ ವರ ಮಾರ್ತಾಂಡ. ಹಿಂದಿನ ಆಸನದಲ್ಲಿ ಅವನ ತಾಯಿ ಗೌರಾಬಾಯಿ.

ತುದಿ ಬಂತು. ಡಬ್ಬಿ ಒಂದು ಗಳಿಗೆ ನಿಂತು, ತಳವಿಲ್ಲದ ಬಾವಿಗೆ ಬಿದ್ದಂತೆ ಬಿತ್ತು.

ಮುಂದಿನವರು ಚೀರಿದರು, ಹಿಂದಿನವರು ಚೀರಿದರು. ಶಾಮಲಾ ಚೀರಲಿಲ್ಲ.

ಹೆಣ್ಣು ನೋಡಲು ಬಂದವರು ಹಾಡಿಸುವುದುಂಟು, ನಡೆಸುವುದುಂಟು, ಜಡೆ ಬಿಚ್ಚಿಸಿ ನೋಡುವುದುಂಟು. ಗೌರಾಬಾಯಿ ಇದಾವುದನ್ನೂ ಕೇಳಿರಲಿಲ್ಲ.

"ಅಕೀಗೆ ಹಾಡು ಛಲೋ ಬರ್ತದ್ರಿ, ಬಾಯಾರ," ಎಂದು ರಾಯರು ತಾವಾಗಿಯೇ ಹೇಳಿದ್ದರು.

"ಹಾಡೋದು ಬ್ಯಾಡ್ರಿ," ಎಂದು ಆಕೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟಿದ್ದರು. "ಈ ಥಂಡಿಯೊಳಗ ಮೂರು ಕಡೆ ಜಾತ್ರ್ಯಾಗ ಏರಿ ಇಳಿಯೋ ಗುಡ್ಡದ ರೈಲು ಬಂದಾವ. ಶನಿವಾರ ಕ್ಯಾಂಪು, ರವಿವಾರ ಮುಂಜಾನೆ ಲೋಣಾವಳಾ, ಮಧ್ಯಾಹ್ನ ಮುಂಬಯಿ. ನಮ್ಮದು ಮೋಟಾರ ಅದ. ಹುಡುಗಿನ್ನ ಕರಕೊಂಡು ಬರ್ರಿ. ನಮಗ ಗಟ್ಟಿ ಎದಿ ಸೊಸಿ ಬೇಕ್ರಿ."

ಕಾರಣ ಎಲ್ಲರಿಗೂ ಗೊತ್ತಿತ್ತು. ಮಾರ್ತಾಂಡನ ಮೊದಲ ಹೆಂಡತಿ ತೀರಿ ಎರಡು ವರ್ಷವಾಗಿತ್ತು. ಎದೆ ಅಳ್ಳಕವಿತ್ತಂತೆ, ಒಮ್ಮಿಂದೊಮ್ಮೆಲೇ ಹೋಗಿಬಿಟ್ಟಳಂತೆ. ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಎಂದುಕೊಂಡರು ರಾಯರು. ಹೋದ ತಿಂಗಳು ಬೆಳಗಾವಿಯ ಹುಡುಗಿಯೊಬ್ಬಳು ಮೊದಲ ಇಳಿಜಾರಿನಲ್ಲೇ "ಅವ್ವಾ!" ಎಂದಿದ್ದಳಂತೆ. ಅಷ್ಟಕ್ಕೇ ಸಂಬಂಧ ಮುರಿದು ಮೋಟಾರು ಹಿಂದೆ ಹೊರಳಿತ್ತಂತೆ.

ಶಾಮಲಾಳಿಗೆ ಇಪ್ಪತ್ಮೂರು. ನಾಲ್ಕು ಸಲ 'ಬೇಡ' ಕೇಳಿದವಳು. ತಂಗಿ ಇಂದೂಳಿಗೆ ಗಂಡು ಗೊತ್ತಾಗಿ ವರ್ಷವಾಗಿತ್ತು. ಅಕ್ಕನ ಕೊರಳಿಗೆ ತಾಳಿ ಬೀಳದೆ ಅವಳದು ನಡೆಯುವಂತಿರಲಿಲ್ಲ. ಆ ಮನೆಯವರು ಸಂಕ್ರಾಂತಿಯವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು.

ಅಜ್ಜಿ ಹೇಳುತ್ತಿದ್ದ ಕಥೆಯೊಂದಿತ್ತು. ರಕ್ಕಸರ ಅಡವಿ ದಾಟುವ ಹುಡುಗಿ ತುಟಿ ಪಿಟಕ್ಕೆಂದರೆ ಕಲ್ಲಾಗುತ್ತಾಳೆ. ಹಾವು ಹರಿದರೂ ಮುಳ್ಳು ಮುರಿದರೂ ಸುಮ್ಮನೆ ನಡೆದರೆ ಆಚೆ ಕಡೆ ರಾಜಕುಮಾರ. ಶಾಮಲಾ ಆ ಅಡವಿಯನ್ನು ಎಷ್ಟು ಸಲ ದಾಟಿದ್ದಳೋ! ಇದು ಬರೀ ಕಟ್ಟಿಗೆಯ ಗುಡ್ಡ.

ಕ್ಯಾಂಪಿನ ರೈಲು ನಿಂತಾಗ ಅವಳ ಮುಂಗೈ ಮೇಲೆ ನಾಲ್ಕು ಉಗುರಿನ ಗುರುತು ಮೂಡಿತ್ತು. ಮಾರ್ತಾಂಡ ಅಷ್ಟು ಬಿಗಿಯಾಗಿ ಹಿಡಿದಿದ್ದ. ಪಾಪ, ಗಂಡಸಾದರೇನು, ಹೆದರಿಕೆ ಯಾರನ್ನು ಬಿಟ್ಟಿದೆ ಎಂದು ಅವಳಿಗೆ ಮರುಕ ಬಂತು.

"ಏನವಾ ಅದು ಕೈಗೆ?" ಎಂದರು ರಾಯರು.

"ಕಬ್ಬಿಣದ ಸಳಿ ಒತ್ತೇದ, ಅಪ್ಪಾ," ಎಂದು ಬಳೆ ಸರಿಸಿಕೊಂಡಳು.

ಮಾರ್ತಾಂಡ ಮೊದಲ ಸಲ ಅವಳನ್ನು ನೋಡಿ ನಕ್ಕ. ಅವಳ ಕಿವಿ ಕೆಂಪಾಯಿತು.

ಮರುದಿನ ಲೋಣಾವಳಾದ ದಾರಿಯಲ್ಲಿ ಗೌರಾಬಾಯಿ ಚಕ್ಕುಲಿ ಡಬ್ಬಿ ಬಿಚ್ಚಿದರು.

"ನಮ್ಮ ವಾಡೇದ ಗ್ವಾಡಿ ಹೆಂಗವಂದ್ರ, ರಾಯರ, ಈ ಕಡೆ ಸೀನಿದ್ರ ಆ ಕಡೆ ಮನಿಯವರು 'ನೂರು ವರ್ಷ ಬಾಳು' ಅಂತಾರ!"

ರಾಯರು ಎಲ್ಲರಿಗಿಂತ ಜೋರಾಗಿ ನಕ್ಕರು. ಬೀಗರಾಗಬೇಕಾದವರು ಹಾಗೇ ನಗಬೇಕು.

"ಆದ್ರ ನಮ್ಮ ಮಾರ್ತಾಂಡನ ದನಿ ಇವತ್ತಿನ ತನಕಾ ಯಾರಿಗೂ ಕೇಳಿಲ್ಲ ನೋಡ್ರಿ. ಭಾಳ ಮೃದು."

"ಅಂಥಾ ಅಳಿಯ ಸಿಗಲಿಕ್ಕೆ ಪುಣ್ಯಾ ಮಾಡಿರಬೇಕ್ರಿ!"

ಲೋಣಾವಳಾದ್ದೂ ಮುಗಿಯಿತು. ಅಲ್ಲಿ ಮಾರ್ತಾಂಡನ ಮೊಣಕೈ ಅವಳ ಪಕ್ಕೆಗೆ ಎರಡು ಸಲ ಬಡಿಯಿತು. ಡಬ್ಬಿಯ ತಿರುವೇ ಅಂಥದ್ದು. ಉಸಿರು ಸಿಕ್ಕಿಕೊಂಡಿತು, ದನಿ ಹೊರಬೀಳಲಿಲ್ಲ.

ಮುಂಬಯಿಯದು ಎಲ್ಲಕ್ಕೂ ದೊಡ್ಡದು. ಮೂರು ಏರು, ಮೂರು ಇಳುವು, ಒಂದು ಕತ್ತಲ ಸುರಂಗ. ಹತ್ತುವಾಗ ಶಾಮಲಾ ಹಿಂದಿರುಗಿ ನೋಡಿದಳು. ಗೌರಾಬಾಯಿ ಕಣ್ಣು ಮುಚ್ಚಿ, ತಲೆ ಮುಂದೆ ಬಾಗಿಸಿ ಕುಳಿತಿದ್ದರು, ಕೀರ್ತನೆ ಕೇಳುವವರ ಹಾಗೆ. ಮಾರ್ತಾಂಡ ಹಳಿ ನೋಡುತ್ತಿರಲಿಲ್ಲ. ಅವಳ ಮುಖ ನೋಡುತ್ತಿದ್ದ. ತನ್ನ ಮುಖ ನೋಡಿ ಧೈರ್ಯ ತಂದುಕೊಳ್ಳುತ್ತಿದ್ದಾನೆ ಎನಿಸಿ ಅವಳ ಮನಸ್ಸು ತುಂಬಿತು.

ಸುರಂಗದಲ್ಲಿ ಅವಳ ಕಿರುಬೆರಳು ಅವನ ಮುಷ್ಟಿಗೆ ಸಿಕ್ಕಿ ತಿರುಚಿಕೊಂಡಿತು. ಕಣ್ಣಲ್ಲಿ ಚಿಕ್ಕೆ ಹಾರಿದವು. ತುಟಿ ಕಚ್ಚಿದಳು, ಬಾಯಲ್ಲಿ ಉಪ್ಪು ರುಚಿ ಬಂತು. ಇಂದೂ, ಇಂದೂ, ಇಂದೂ ಎಂದು ಒಳಗೇ ಜಪಿಸಿದಳು.

ಬೆಳಕಿಗೆ ಬಂದಾಗ ಡಬ್ಬಿ ತುಂಬ ಗಂಟಲು ಹರಿದುಕೊಂಡವರೇ. ಅವಳೊಬ್ಬಳು ಗುಡಿಯ ಗೊಂಬೆಯಂತೆ ಕುಳಿತಿದ್ದಳು.

ಗೌರಾಬಾಯಿ ಕೆಳಗಿಳಿದವರೇ ರಾಯರಿಗೆ ಸಕ್ಕರೆ ಕೊಟ್ಟರು. "ಮುಹೂರ್ತ ನೋಡಸ್ರಿ. ಒಂಬತ್ತು ಹುಡುಗ್ಯಾರ ಪೈಕಿ ಬಾಯಿ ಬಿಡದಾಕಿ ನಿಮ್ಮಾಕಿ ಒಬ್ಬಾಕೇ."

ರಾಯರು ಮಗಳ ಚಪ್ಪಲಿಯನ್ನು ಎದೆಗವುಚಿಕೊಂಡೇ ಅತ್ತುಬಿಟ್ಟರು. ಮಾರ್ತಾಂಡ ಮೋಟಾರು ತರಲು ಹೋದ.

ಗೌರಾಬಾಯಿ ಅಬ್ಬಲಿಗೆ ಮಾಲೆ ಕೊಂಡು ಶಾಮಲಾಳನ್ನು ಪಕ್ಕಕ್ಕೆ ಕರೆದು ತಾವೇ ಮುಡಿಸಿದರು. ಗೆದ್ದ ಸಂತೋಷದಲ್ಲಿ ಅವಳಿಗೆ ಮಾತು ಬಂತು.

"ಅತ್ತಿಯವರ, ಮೊದಲಿನ ಸೊಸಿಯವರಿಗೂ ಗುಡ್ಡದ ರೈಲಂದ್ರ ಹೆದರಿಕಿ ಇತ್ತೇನ್ರಿ?"

"ಅಕಿ ರೈಲು ಎಲ್ಲಿ ನೋಡಿದ್ಲವಾ," ಗೌರಾಬಾಯಿ ಅಕ್ಕರೆಯಿಂದ ಅವಳ ಮುಂಗುರುಳು ತೀಡಿದರು. "ಮನ್ಯಾಗ ಇಂವಾ ಬಾಗಲಾ ಹಾಕ್ಕೊಂಡು ಹೊಡಿಲಿಕ್ಕೆ ನಿಂತನಂದ್ರ, ಓಣಿ ಮಂದೆಲ್ಲಾ ಕೂಡೋಹಂಗ ಚೀರತಿದ್ಲು."