ಬಂಡೆಯ ಹೂವು

ಏಳು ಶಾರ್ಕುಗಳ ದವಡೆಯನ್ನು ಬರಿಗೈಯಲ್ಲಿ ಸೀಳಿ, ಕಡಲನ್ನೇ ಕೆಂಪು ಮಾಡಿ, ಜಟ್ಟಪ್ಪ ತಮ್ಮನನ್ನು ಆಸ್ಪತ್ರೆಗೆ ಹೊತ್ತು ತಂದಿದ್ದನಂತೆ. ಮೇಜಿನ ಮೇಲೆ ತಮ್ಮ ನೀಲಿಗಟ್ಟಿ ಉಸಿರಿಗೆ ಒದ್ದಾಡುತ್ತಿದ್ದ.

"ಶಾರ್ಕಿನ ಹಲ್ಲಿನ ಗುರುತೆಲ್ಲೋ?" ಡಾಕ್ಟರಮ್ಮ ತಮ್ಮನ ಬಾಯಿ ಅಗಲಿಸಿದರು. ನಾಲಿಗೆ ಊದಿತ್ತು, ಅಂಗುಳೆಲ್ಲ ಚಾಟಿಯಲ್ಲಿ ಬಾರಿಸಿದಂತೆ ಬಾಸುಂಡೆ. "ಯಾವ ವಿಷ ಹೇಳು. ಇಲ್ಲದಿದ್ರೆ ಇವ ಉಳಿಯೂದಿಲ್ಲ."

ಜಟ್ಟಪ್ಪನ ದನಿ ಕುಸಿಯಿತು.

"ಬಂಡೆಗೆ ಅಂಟ್ಕಂಡು, ಎಸಳು ಬಿಚ್ಚಿ ಮೀನು ಹಿಡೀತದಲ್ರಾ, ಆ ಕಡಲ ಹೂವು. ನಮ್ಮ ದಪ್ಪ ಅಂಗೈಗೆ ಅದ್ರಿಂದ ಎಂತದೂ ಆಗೂದಿಲ್ಲ. ಬಾಯಿಗೂ ಆಗೂದಿಲ್ಲ ಅಂದ್ಕಂಡೆ."

"ಬಾಯಿಗೆ ಹೇಗೆ ಹೋಯ್ತು?"

"ನಾನು ಬುರುಡೆ ಬಿಡ್ತೆ ಅಂತ ಇವ ದೋಣಿಯವ್ರೆದುರು ನಕ್ಕ, ಅಮ್ಮಾ. ಕುತ್ತಿಗೆ ಹಿಸುಕಿ, ಆ ನಗೂ ಬಾಯಿಗೇ ಹೂವು ತುರುಕಿದೆ."